ದ್ರಾಕ್ಷಿ ತೋಟದ ಮೇಲೊಂದು ಒದ್ದೆ ಸೀರೆ

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ದಕ್ಷಿಣ ಫ್ರಾನ್ಸಿನಲ್ಲಿದೆ, ಟೂಲೂಸ್‌ನಿಂದ ರೈಲಿನಲ್ಲಿ ಎರಡು ಗಂಟೆ, ಆಮೇಲೆ ಹಳೆಯದೊಂದು ವ್ಯಾನಿನಲ್ಲಿ ಮುಕ್ಕಾಲು ಗಂಟೆ ಎಂದಷ್ಟೇ ಹೇಳಬಲ್ಲೆ. ಅಲ್ಲಿನ ವೈನಿಗೆ ಊರಿನ ಹೆಸರೇ ಮರ್ಯಾದೆ. ಬಾಟಲಿಯ ಮೇಲೆ ಆ ಹೆಸರನ್ನು ಅಂಟಿಸುವ ಹಕ್ಕು ಒಂದು ಮನೆಗೆ ನನ್ನಿಂದಾಗಿ ತಪ್ಪಿಹೋಗುವುದರಲ್ಲಿತ್ತು. ಒಮ್ಮೆ ಉಳಿದುಕೊಂಡ ಹೆಸರನ್ನು ನಾನೇ ಮತ್ತೆ ಬೀದಿಗೆ ತರುವುದು ಬೇಡ.

ಜೀವನ್ ಬಿಮಾ ನಗರ

ನಮ್ಮವರು ವಿಮಾನ ಕಾರ್ಖಾನೆಯಲ್ಲಿದ್ದರು. 2003ರ ಜುಲೈ ತಿಂಗಳಲ್ಲಿ ಅವರನ್ನು ಆರು ವಾರಗಳ ತರಬೇತಿಗೆಂದು ಟೂಲೂಸಿಗೆ ಕಳಿಸುವುದೆಂದಾಯಿತು. ನಾನೂ ಬರುತ್ತೇನೆ ಎಂದೆ.

"ನಾನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀನಿ. ನೀನು ಹೋಟೆಲ್ ರೂಮಲ್ಲಿ ಕೂತು ಏನ್ಮಾಡ್ತೀಯ, ಗೋಡೆ ನೋಡ್ತೀಯಾ?" ಎಂದರು.

"ಸಿಸ್ಟರ್ ಸೋಲಾಂಜ್ ಮನೆಗೆ ಹೋಗ್ತೀನಿ" ಎಂದೆ.

ಸಿಸ್ಟರ್ ಸೋಲಾಂಜ್ ನನಗೆ ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಹೊಲಿಗೆ ಮತ್ತು ಫ್ರೆಂಚ್ ಕಲಿಸಿದವರು. ಹೊಲಿಗೆ ನನ್ನ ಕೈಯಲ್ಲಿ ಇಂದಿಗೂ ಉಳಿದಿದೆ. ಫ್ರೆಂಚ್‌ನಲ್ಲಿ 'ಕಿಟಕಿ ತೆರೆಯಿರಿ', 'ಅಜ್ಜಿ ಸೂಪ್ ಕೊಟ್ಟಳು' ಎಂಬಂಥ ಏಳೆಂಟು ವಾಕ್ಯಗಳು ಉಳಿದಿವೆ. ಸಿಸ್ಟರ್ ನಲವತ್ತು ವರ್ಷ ಬೆಂಗಳೂರಿನಲ್ಲಿದ್ದು, ವಯಸ್ಸಾದ ಮೇಲೆ ತಮ್ಮ ದೇಶಕ್ಕೆ ಮರಳಿದ್ದರು. ಪ್ರತಿ ಕ್ರಿಸ್‌ಮಸ್‌ಗೂ ನನಗೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದರು. ಬೇಸಿಗೆಯ ಎರಡು ತಿಂಗಳು ತಮ್ಮನ ಮನೆಯಲ್ಲಿರಲು ಅವರಿಗೆ ಅಪ್ಪಣೆಯಿತ್ತು. ತಮ್ಮನಿಗೆ ದ್ರಾಕ್ಷಿ ತೋಟ. 'ಬಾರಮ್ಮ, ಮೂರು ವಾರ ಇದ್ದು ಹೋಗು' ಎಂದು ಬರೆದರು.

ಹೊರಡುವ ಮೊದಲು ನಮ್ಮ ಮನೆಯ ನೀರಿನ ವಿಷಯ ಹೇಳಿಬಿಡಬೇಕು. ಮುಂದಿನದೆಲ್ಲ ಅದರಿಂದಲೇ ಆದದ್ದು. ನಮ್ಮಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ನಮ್ಮ ಅತ್ತೆಯ ಆಡಳಿತದಲ್ಲಿ ಯಾವ ನೀರೂ ಒಂದೇ ಸಲಕ್ಕೆ ಮೋರಿ ಸೇರುವಂತಿರಲಿಲ್ಲ. ಬೇಳೆ ತೊಳೆದ ನೀರು ಕರಿಬೇವಿಗೆ, ತರಕಾರಿ ತೊಳೆದದ್ದು ದಾಸವಾಳಕ್ಕೆ, ಅಕ್ಕಿ ತೊಳೆದ ನೀರು ಮಾತ್ರ ಕಾಂಪೌಂಡಿನ ದ್ರಾಕ್ಷಿ ಬಳ್ಳಿಗೆ. ಆ ಬಳ್ಳಿ ಕುಕ್ ಟೌನಿನ ನನ್ನ ತವರಿನಿಂದ ಕಡ್ಡಿಯಾಗಿ ಬಂದದ್ದು. ಅಲ್ಲಿ ನಮ್ಮ ಚಪ್ಪರದ ಕಪ್ಪು ದ್ರಾಕ್ಷಿಯನ್ನು ಪಕ್ಕದ ಮನೆಯ ಡಿಸೋಜಾ ಆಂಟಿ ಬುಟ್ಟಿಗಟ್ಟಲೆ ಒಯ್ದು, ಭರಣಿಯಲ್ಲಿ ಹಾಕಿ, ಕ್ರಿಸ್‌ಮಸ್‌ಗೆ ವೈನ್ ಮಾಡುತ್ತಿದ್ದರು. ನಮಗೆ ಕೇಕ್ ಮಾತ್ರ ಬರುತ್ತಿತ್ತು. ವೈನ್ ನಮ್ಮಪ್ಪನಿಗೆ ಬೇಲಿಯ ಮೇಲಿಂದ ಬರುತ್ತಿತ್ತೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಪೆಟ್ಟಿಗೆಯಲ್ಲಿ ಐದು ಕಿಲೋ ಸೋನಾ ಮಸೂರಿ, ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು ತುಂಬಿಕೊಂಡು ಹೊರಟೆ.

ರೈಲು

ಆ ವರ್ಷದ ಬಿಸಿಲನ್ನು ಯೂರೋಪಿನವರು ಇಂದಿಗೂ ಮರೆತಿರಲಾರರು. ಟೂಲೂಸ್ ನಿಲ್ದಾಣದಲ್ಲಿ ಪಾರಿವಾಳಗಳು ಕೂಡ ನೆರಳಿನಿಂದ ನೆರಳಿಗೆ ನಡೆದುಕೊಂಡೇ ಹೋಗುತ್ತಿದ್ದವು. ನನ್ನನ್ನು ರೈಲು ಹತ್ತಿಸಿದ ನಮ್ಮವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಡಬ್ಬಿಯಲ್ಲಿದ್ದವರೆಲ್ಲ ನನ್ನ ಸೀರೆಯನ್ನು ನೋಡಿ, ನನ್ನನ್ನು ಬಿಸಿಲಿನ ಪಂಡಿತೆ ಎಂದು ತೀರ್ಮಾನಿಸಿದರು. ಎದುರಿಗೆ ಕುಳಿತ ಹೆಂಗಸು ಕೈಯಿಂದ ಗಾಳಿ ಬೀಸಿಕೊಳ್ಳುತ್ತ ಇಂಗ್ಲಿಷಿನಲ್ಲಿ, "ನಿಮಗಿದು ಏನೂ ಅಲ್ಲ, ಅಲ್ಲವೇ? ನಿಮ್ಮ ದೇಶ!" ಎಂದರು. ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಮೂವತ್ತೈದು ಡಿಗ್ರಿ ಮುಟ್ಟಿದರೆ ಸಾಕು, ಬೆಂಗಳೂರಿನವರು ಅದನ್ನೇ ವಾರವಿಡೀ ಮಾತಾಡುತ್ತೇವೆ. ಕುಕ್ ಟೌನಿನ ನಮ್ಮ ಮನೆಗೆ ಫ್ಯಾನ್ ಬಂದದ್ದೇ ನನ್ನ ಮದುವೆಯ ವರ್ಷ, ಅದೂ ಬೀಗರ ಮರ್ಯಾದೆಗೆ. ಇದನ್ನೆಲ್ಲ ಹೇಳಿ ದೇಶದ ಮಾನ ಕಳೆಯುವುದೇಕೆಂದು ನಸುನಕ್ಕು ಕುಳಿತೆ. ಇಳಿಯುವಾಗ ತಲೆ ಸುತ್ತಿ, ಆ ಹೆಂಗಸಿನ ಮೇಲೇ ಬಿದ್ದೆ.

ಮೊದಲ ದಿನ

ಎಂಬತ್ತರ ಹತ್ತಿರವಾದ ಸಿಸ್ಟರ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದರು. ಅವರು ಕನ್ನಡ ಕಲಿತದ್ದು ಕಾನ್ವೆಂಟಿನ ಮಾಲಿಯಿಂದ ಮತ್ತು ಶಿವಾಜಿನಗರದ ತರಕಾರಿ ಹೆಂಗಸರಿಂದ. ಹಾಗಾಗಿ ಯಾರಿಗೂ ಬಹುವಚನ ಸಿಗುತ್ತಿರಲಿಲ್ಲ, ಬಿಷಪ್ಪರಿಗೂ.

"ಬಂದ್ಯಾ ವತ್ಸಲಾ? ಏನಮ್ಮ ಇಷ್ಟು ಊದ್ಕೊಂಡಿದ್ದೀಯ! ಬಾ, ಬಾ, ಬಿಸ್ಲಲ್ಲಿ ನಿಂತ್ಕೋಬೇಡ, ಒಣ ಮೆಣಸಿನಕಾಯಿ ಆಗ್ಬಿಡ್ತೀಯ."

ವ್ಯಾನ್ ನಡೆಸಿದವರು ತಮ್ಮ ಮಾರ್ಸೆಲ್. ಎಪ್ಪತ್ತು ದಾಟಿದ, ಹೆಂಡತಿಯಿಲ್ಲದ ಮನುಷ್ಯ. ಮಾತು ಕಡಿಮೆ, ಹುಬ್ಬು ದಪ್ಪ. ದಾರಿಯಲ್ಲಿ ಎರಡು ಸಲ ವ್ಯಾನ್ ನಿಲ್ಲಿಸಿ, ಇಳಿದು, ಆಕಾಶ ನೋಡಿ, ಮತ್ತೆ ಹತ್ತಿದರು.

ಮನೆ ಕಲ್ಲಿನದು. ಒಳಗೆ ಹಗಲಲ್ಲೇ ಕತ್ತಲೆ. ಎಲ್ಲ ಕಿಟಕಿಗಳ ಮರದ ಬಾಗಿಲು ಭದ್ರವಾಗಿ ಮುಚ್ಚಿದ್ದವು. ಪಾಪ, ವಯಸ್ಸಾದವರು, ಗಾಳಿಗೆ ತೆರೆಯಲು ಮರೆತಿದ್ದಾರೆಂದು ನಾನು ಸ್ನಾನಕ್ಕೆ ಮುಂಚೆ ಆರು ಕಿಟಕಿಗಳನ್ನೂ ತೆರೆದಿಟ್ಟೆ. ಬಂದು ನೋಡಿದರೆ ಮಾರ್ಸೆಲ್ ಒಂದೊಂದನ್ನೇ ಮುಚ್ಚುತ್ತಿದ್ದರು. ಗೋಡೆಯ ಥರ್ಮಾಮೀಟರ್ ಕಡೆ ಬೆರಳು ತೋರಿಸಿದರು. ಅಷ್ಟು ಹೊತ್ತಿಗೆ ನಾಲ್ಕು ಡಿಗ್ರಿ ಬಿಸಿಲು ಒಳಗೆ ಬಂದು ಕುಳಿತಿತ್ತು.

"ಇಲ್ಲಿ ರಾತ್ರಿ ತೆಗೀಬೇಕು, ಹಗಲು ಮುಚ್ಬೇಕು. ನಿಮ್ ಜೀವನ್ ಬಿಮಾ ನಗರ ಅಲ್ಲ ಇದು" ಎಂದರು ಸಿಸ್ಟರ್.

ಸಂಜೆ ತೋಟ ತೋರಿಸಿದರು. ನಾನು ತಲೆಯೆತ್ತಿ ಚಪ್ಪರ ಹುಡುಕಿದೆ. ಚಪ್ಪರವೇ ಇಲ್ಲ! ಅಡಿಗೆಮನೆಯ ಹಿಂಬಾಗಿಲಿನಿಂದ ಗುಡ್ಡದವರೆಗೆ ಸಾಲುಸಾಲಾಗಿ ಸೊಂಟದೆತ್ತರದ ಮೋಟು ಗಿಡಗಳು, ಒಂದೊಂದೂ ಪಂಚಾಯಿತಿಗೆ ಕೂತ ಮುದುಕರಂತೆ. ನೆಲ ಬಿರುಕು ಬಿಟ್ಟಿತ್ತು. ಎಲೆಗಳು ಬಿಸಿಲಿಗೆ ಬೆನ್ನು ತಿರುಗಿಸಿ ಮುದುಡಿಕೊಂಡಿದ್ದವು. ಗೊಂಚಲುಗಳ ಪಡುವಣ ಬದಿಯ ಹಣ್ಣು ಗಿಡದಲ್ಲೇ ಒಣದ್ರಾಕ್ಷಿಯಾಗಿತ್ತು. ಉಳಿದವು ಕಡಲೆಕಾಳಿನ ಗಾತ್ರ. ಮೇ ತಿಂಗಳಿಂದ ಮಳೆಯಿಲ್ಲವಂತೆ. ಬಾವಿಯೂ ತಳ ಕಂಡಿದೆ, ನೀರು ನೋಡಿಕೊಂಡು ಬಳಸು ಎಂದರು ಸಿಸ್ಟರ್. ನನಗೆ ಹೇಳಬೇಕೆ!

ನಾಲ್ಕನೆಯ ದಿನ

ಮಾರ್ಸೆಲ್ ಬೆಳಗಾಗುತ್ತಲೇ ತೋಟಕ್ಕಿಳಿದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಿಪ್ಪೆ ಜಗಿಯುವುದು, ಬೀಜ ಅಂಗೈಗೆ ಉಗಿದು ಬಣ್ಣ ನೋಡುವುದು, ಬೀಜವನ್ನೂ ಕಟಕ್ಕನೆ ಕಡಿಯುವುದು, ತಲೆ ಅಲ್ಲಾಡಿಸುವುದು. ಯಾಕೆಂದು ಕೇಳಿದೆ.

"ಹಣ್ಣು ಸಿಹಿ ಆಗೋಯ್ತು, ಬೀಜ ಇನ್ನೂ ಹಸಿರು" ಎಂದರು ಸಿಸ್ಟರ್. "ಈ ಬಿಸ್ಲಿಗೆ ಸಕ್ಕರೆ ಓಡ್ತದೆ, ಬೀಜ ನಡೀತದೆ. ಬೀಜಕ್ಕೆ ಅಂತ ಕಾದ್ರೆ ಹುಳಿ ಎಲ್ಲ ಸುಟ್ಟೋಗ್ತದೆ. ಹುಳಿ ಇಲ್ದೇ ಹೋದ್ರೆ ವೈನು ನಿಮ್ ಸಾರಿಗೆ ಹುಣಸೆಹಣ್ಣು ಮರೆತಂಗೆ. ಸಪ್ಪೆ, ಭಾರ. ಯಾವತ್ತು ಕೊಯ್ಬೇಕು ಅಂತ ಇವನಿಗೆ ನಿದ್ದೆ ಇಲ್ಲ."

ಸಾರಿನ ಉದಾಹರಣೆ ಕೊಟ್ಟದ್ದೇ ನನಗೆ ಎಲ್ಲವೂ ಅರ್ಥವಾಯಿತು. ಆ ಊರಿನ ವೈನಿಗೆ ಊರಿನ ಹೆಸರಿಡುವ ಹಕ್ಕು ಬಂದದ್ದು ಇವರಜ್ಜ ಮತ್ತು ಇನ್ನು ನಾಲ್ಕು ಜನ ವರ್ಷಗಟ್ಟಲೆ ಓಡಾಡಿದ ಮೇಲೆ. ಅಜ್ಜ ನೆಟ್ಟ ಗಿಡಗಳೇ ಇವು. ಒಂದು ವರ್ಷವೂ ಆ ಹೆಸರಿಲ್ಲದೆ ಈ ಮನೆಯಿಂದ ಬಾಟಲಿ ಹೊರಗೆ ಹೋಗಿಲ್ಲವಂತೆ.

ಅಂದಿನಿಂದ ಅಡಿಗೆ ನನ್ನದಾಯಿತು. ಅಕ್ಕಿ ತೊಳೆದೆ. ಬಿಳಿಯ ನೀರಿನ ಪಾತ್ರೆ ಹಿಡಿದು ಸಿಂಕಿನ ಮುಂದೆ ನಿಂತೆ. ಕೈ ಬಗ್ಗಲಿಲ್ಲ. ಇಪ್ಪತ್ತೈದು ವರ್ಷದ ಅಭ್ಯಾಸ. ಸಿಂಕಿಗೆ ಸುರಿದರೆ ನಮ್ಮತ್ತೆ ಬೆಂಗಳೂರಿನಲ್ಲಿ ಬೆಚ್ಚಿಬೀಳುತ್ತಾರೆ ಅನ್ನಿಸಿತು. ಹಿಂಬಾಗಿಲು ತೆಗೆದರೆ ಸಾಲಿನ ತುದಿಯ ಮೂರು ಗಿಡಗಳು ಬಾಯಾರಿ ನನ್ನನ್ನೇ ನೋಡುತ್ತಿದ್ದವು. ಬುಡಕ್ಕೆ ಸುರಿದೆ. ಬೇಳೆ ತೊಳೆದದ್ದನ್ನೂ ಸುರಿದೆ. ತರಕಾರಿಯದನ್ನೂ ಸುರಿದೆ. ಇಲ್ಲಿ ದಾಸವಾಳ ಇರಲಿಲ್ಲವಲ್ಲ. ಟಬ್ಬಿನೊಳಗೆ ಬಕೆಟ್ ಇಟ್ಟುಕೊಂಡು ಸ್ನಾನ ಮಾಡಿ ಉಳಿಸಿದ ಅರ್ಧ ಬಕೆಟ್ ನೀರನ್ನೂ ದಿನಾ ಅವಕ್ಕೇ ಹಾಕತೊಡಗಿದೆ. ಅಕ್ಕ ತಮ್ಮ ಇಬ್ಬರೂ ಆ ಹೊತ್ತಿಗೆ ಚರ್ಚಿನ ಪೂಜೆಗೋ ಗುಡ್ಡದ ಕಡೆಗೋ ಹೋಗಿರುತ್ತಿದ್ದರು. ಹೇಳಿಕೊಳ್ಳುವಂಥ ದೊಡ್ಡ ಉಪಕಾರವೇನೂ ಅಲ್ಲವೆಂದು ನಾನೂ ಹೇಳಲಿಲ್ಲ.

ಹದಿನಾರನೆಯ ದಿನ

ಮೂರು ಗಿಡಗಳೂ ತಲೆಯೆತ್ತಿದ್ದವು. ಎಲೆ ಹಸಿರಾಗಿ ಅಗಲವಾಗಿ ಗೊಂಚಲಿಗೆ ಕೊಡೆ ಹಿಡಿದಿದ್ದವು, ಹಣ್ಣು ದುಂಡಗಾಗಿತ್ತು. ಮಾರ್ಸೆಲ್ ಗಮನವೆಲ್ಲ ಗುಡ್ಡದ ಕಡೆಯ ಸಾಲುಗಳ ಮೇಲೆ, ಅಡಿಗೆಮನೆಯ ಹಿಂದಕ್ಕೆ ಅವರು ಬರುತ್ತಲೇ ಇರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಹೊರಡುವ ದಿನ ತೋರಿಸಿ ಬೆರಗುಗೊಳಿಸಬೇಕೆಂದಿದ್ದೆ.

ಊಟಕ್ಕೆ ಕುಳಿತಾಗ ಮಾರ್ಸೆಲ್ ಏನೋ ಹೇಳಿ ಉಸಿರುಬಿಟ್ಟರು.

"ನಾಳೆ ಊರಿನ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷ ಬರ್ತಾನಂತೆ" ಎಂದರು ಸಿಸ್ಟರ್. "ಕೊಯ್ಲಿಗೆ ಮುಂಚೆ ಎಲ್ಲರ ತೋಟದಲ್ಲೂ ಸಾಲುಸಾಲು ನಡೀತಾನೆ. ಈ ವರ್ಷ ಬಹಳ ಜೋರು. ಯಾರೋ ಕದ್ದು ನೀರು ಬಿಟ್ಟಿದ್ದಾರೆ ಅಂತ ಪಕ್ಕದೂರಲ್ಲಿ ಗಲಾಟೆ."

"ನೀರು ಬಿಟ್ರೆ ಏನು ಸಿಸ್ಟರ್?"

"ಅಯ್ಯೋ, ಇಲ್ಲಿ ದ್ರಾಕ್ಷಿಗೆ ನೀರು ಹಾಕೋ ಹಂಗಿಲ್ಲಮ್ಮ. ಕಾನೂನು. ನೀರು ಕುಡಿದ ತೋಟದ ವೈನಿಗೆ ಊರ ಹೆಸರು ಇಲ್ಲ. ಬೇರು ತಾನೇ ಬಂಡೆ ಸೀಳ್ಕೊಂಡು ಕೆಳಗೆ ಹೋಗಿ ಹುಡುಕ್ಬೇಕು. ಮೇಲಿಂದ ಕೊಟ್ರೆ ಸೋಮಾರಿ ಆಗ್ತದೆ, ಮೇಲೇ ಮಲ್ಕೊಳ್ತದೆ. ಕ್ಲಾಸಲ್ಲಿ ನಿಮಗೂ ನಾನು ಹಂಗೇ ಅಲ್ವಾ ಮಾಡಿದ್ದು? ಎರಡನೇ ಸಲ ಹೇಳ್ತಿದ್ನಾ?"

ಮಾರ್ಸೆಲ್ ಸಾರು ಬಡಿಸಿಕೊಳ್ಳುತ್ತಿದ್ದರು. ಮೊದಮೊದಲು ಬೆವರುತ್ತಿದ್ದ ಮನುಷ್ಯ ಈಗ ಎರಡನೆಯ ಸಲ ಹಾಕಿಸಿಕೊಳ್ಳುವಂತಾಗಿದ್ದರು. ಅಜ್ಜನ ಕಾಲದ ಹೆಸರನ್ನು ನಾನು ಹನ್ನೆರಡು ದಿನ ಅಕ್ಕಿ ನೀರಿನಲ್ಲಿ ತೊಳೆದುಹಾಕಿದ್ದೆ. ಆಗಲೇ ಹೇಳಿಬಿಡಬೇಕಿತ್ತು.

ಬದಲಿಗೆ ಬುದ್ಧಿ ಓಡಿಸಿದೆ. ನನ್ನ ಇಳಕಲ್ ಸೀರೆಯನ್ನು ಒಗೆದು, ಆ ಮೂರು ಗಿಡಗಳ ಮೇಲೆ ನೀಟಾಗಿ ಹರಡಿದೆ. ಆರು ಗಜ, ಮೂರು ಗಿಡ. ಅಳತೆ ಕೊಟ್ಟು ನೇಯಿಸಿದಂತೆ ಹೊಂದಿತು. ನಮ್ಮೂರಿನಲ್ಲಿ ಬೇಲಿಯ ಮೇಲೆ ಸೀರೆ ಹರಡುವುದು ಯಾರ ಕಣ್ಣಿಗೂ ಬೀಳುವ ವಿಷಯವಲ್ಲ. ಆ ಬಿಸಿಲಿಗೆ ಸೀರೆ ಅರ್ಧ ಗಂಟೆಯಲ್ಲಿ ಗರಿಗರಿಯಾಯಿತು. ಒಣಗಿದ ಸೀರೆ ಯಾಕೆ ಬಿದ್ದಿದೆ ಎನ್ನಬಾರದಲ್ಲ. ಮತ್ತೆ ಒದ್ದೆ ಮಾಡಿ ಹರಡಿದೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ.

ಹದಿನೇಳನೆಯ ದಿನ

ಅಧ್ಯಕ್ಷರು ಹ್ಯಾಟು, ಊರುಗೋಲು, ನೋಟ್‌ಬುಕ್ಕು ಸಮೇತ ಬಂದರು. ಬಿಳಿಯ ಮೀಸೆ. ಅವರು ಮುಂದೆ, ಮಾರ್ಸೆಲ್ ಪಕ್ಕದಲ್ಲಿ, ಸಿಸ್ಟರ್ ಮತ್ತು ನಾನು ಹಿಂದೆ. ಒಂದೊಂದು ಸಾಲಿಗೂ ಬಗ್ಗಿ ಮಣ್ಣನ್ನು ಬೆರಳಲ್ಲಿ ಉಜ್ಜುತ್ತಿದ್ದರು. ಕೊನೆಗೆ ಅಡಿಗೆಮನೆಯ ಕಡೆ ಬಂದು ಸೀರೆಯ ಮುಂದೆ ನಿಂತರು.

ಅಧ್ಯಕ್ಷರು ಸೀರೆಯನ್ನು ನೋಡಿದರು. ನನ್ನನ್ನು ನೋಡಿದರು. ಹ್ಯಾಟ್ ತೆಗೆದು, ತುಸು ತಲೆಬಾಗಿ, ಹೆಂಗಸರ ಬಟ್ಟೆಯ ಹತ್ತಿರ ನಿಲ್ಲುವುದು ಸಭ್ಯತೆಯಲ್ಲವೆಂಬಂತೆ ಸುತ್ತು ಬಳಸಿ ಹೋಗಿಯೇಬಿಟ್ಟರು. ನೋಟ್‌ಬುಕ್ಕಿನಲ್ಲಿ ಏನೋ ಗೀಚಿ, ಮಾರ್ಸೆಲ್ ಕೈ ಕುಲುಕಿದರು. ಮಾರ್ಸೆಲ್ ಹುಬ್ಬುಗಳು ಮೊದಲ ಬಾರಿಗೆ ಸಡಿಲವಾದವು.

ನಾನು ಉಸಿರು ಬಿಡುವಷ್ಟರಲ್ಲಿ ಸಿಸ್ಟರ್ ಮೆಲ್ಲಗೆ ಕೇಳಿದರು: "ವತ್ಸಲಾ, ನಿನ್ನೆ ಮಧ್ಯಾಹ್ನ ಒಗೆದ ಸೀರೆ ಇವತ್ತೂ ಯಾಕೆ ಒದ್ದೆ?"

ನಾನು ಸೀರೆಯ ಅಂಚು ನೇರ ಮಾಡತೊಡಗಿದೆ.

"ಈ ಬಿಸ್ಲಲ್ಲಿ ಬಾವಿನೇ ಒಣಗ್ತದೆ. ನಿನ್ ಸೀರೆ ಒಣಗ್ಲಿಲ್ವಾ?"

"ಸಿಸ್ಟರ್..."

"ಹೇಳ್ತೀಯೋ, ಗೋಡೆ ಕಡೆ ತಿರುಗಿ ನಿಲ್ತೀಯೋ?"

ನನಗೆ ಆಗ ನಲವತ್ತೇಳು ವರ್ಷ. ಆದರೂ ಕಾಲು ತಾನಾಗಿ ಅಡಿಗೆಮನೆಯ ಗೋಡೆಯ ಕಡೆ ತಿರುಗಿತು. ಅಲ್ಲಿ ಮಾರ್ಸೆಲ್ ನಗುತ್ತ ಅಧ್ಯಕ್ಷರಿಗೆ ಹಿಂಬಾಗಿಲು ತೆರೆಯುತ್ತಿದ್ದರು. ಆ ನಗು ನೋಡಿ ತಡೆಯಲಾಗಲಿಲ್ಲ. ಓಡಿಹೋಗಿ ಅಧ್ಯಕ್ಷರ ಮುಂದೆ ನಿಂತೆ. ನನಗಿದ್ದ ಏಳೆಂಟು ವಾಕ್ಯಗಳಲ್ಲಿ ಹತ್ತಿರದ್ದನ್ನು ಹುಡುಕಿ, ಫ್ರೆಂಚ್‌ನಲ್ಲಿ ಹೇಳಿದೆ: "ಮಹಾಶಯರೇ, ನಾನು ಸೂಪ್ ಕೊಟ್ಟೆ. ಗಿಡಕ್ಕೆ. ಪ್ರತಿ ದಿನ."

ಅಧ್ಯಕ್ಷರು ನನ್ನ ಹಣೆ ಮುಟ್ಟಿ ನೋಡಬೇಕೋ ಬೇಡವೋ ಎಂಬಂತೆ ಮಾರ್ಸೆಲ್ ಕಡೆ ತಿರುಗಿದರು. ಆ ಬೇಸಿಗೆಯಲ್ಲಿ ಬಿಸಿಲು ತಲೆಗೇರಿದವರು ಬಹಳ ಜನ. ಸಿಸ್ಟರ್ ಬಂದು, ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು, ಎಲ್ಲವನ್ನೂ ಬಿಡಿಸಿ ಹೇಳಿದರು: ಅಕ್ಕಿ, ಬೇಳೆ, ಬಕೆಟ್, ಅತ್ತೆ. ಅತ್ತೆಯ ವಿಷಯಕ್ಕೇ ಐದು ನಿಮಿಷ ಹಿಡಿಯಿತು. ಮಾರ್ಸೆಲ್ ಮುಖ ತೋಟದ ಬಿರುಕು ಬಿಟ್ಟ ನೆಲದ ಹಾಗಾಗಿತ್ತು.

ಅಧ್ಯಕ್ಷರು ನನ್ನ ಅಪ್ಪಣೆ ಕೇಳಿಯೇ ಸೀರೆಯನ್ನು ಊರುಗೋಲಿನಿಂದ ಎತ್ತಿದರು. ಒಣಗಿದ ತೋಟದ ನಡುವೆ ಮೂರು ಗಿಡಗಳು ಮದುವೆಗೆ ಹೊರಟಂತೆ ನಿಂತಿದ್ದವು. ಒಂದು ಹಣ್ಣು ಕಿತ್ತು ತಿಂದರು. ಇನ್ನೊಂದು ತಿಂದರು. ಮಾರ್ಸೆಲ್‌ಗೂ ಒಂದು ಕೊಟ್ಟರು. ಮಾರ್ಸೆಲ್ ಜಗಿದರು, ನಿಂತರು, ಇನ್ನೊಂದನ್ನು ತಾವೇ ಕಿತ್ತುಕೊಂಡು ಮತ್ತೆ ಜಗಿದರು. ಆಮೇಲೆ ಗಟ್ಟಿಯಾಗಿ ಏನೋ ಅಂದರು.

"ಏನಂತೆ ಸಿಸ್ಟರ್? ಬೈತಿದ್ದಾರಾ?"

"ಹುಳಿ ಇದೆ ಅಂತಾನೆ" ಎಂದರು ಸಿಸ್ಟರ್. "ತಿಂಗಳಿಂದ ಇಡೀ ತೋಟದಲ್ಲಿ ಯಾವ ಹುಳಿ ಹುಡುಕ್ತಿದ್ನೋ ಅದು ಇಲ್ಲಿದೆ ಅಂತೆ. ಕಾನೂನು ಪ್ರಕಾರ ಇದನ್ನ ಮುಟ್ಟೋ ಹಂಗಿಲ್ಲ ಅಂತೆ. ಅಳ್ಬೇಕೋ ನಗ್ಬೇಕೋ ತಿಳೀತಿಲ್ಲ ಅಂತಾನೆ."

ಅಧ್ಯಕ್ಷರು ಬಹಳ ಹೊತ್ತು ಮೀಸೆ ಸವರಿಕೊಂಡರು. ಕಳ್ಳತನ ಮಾಡುವವರು ಪೈಪು ಹಾಕುತ್ತಾರೆ, ಪಾತ್ರೆಯಲ್ಲಿ ಸೂಪ್ ಹೊರುವುದಿಲ್ಲ ಎಂದರಂತೆ. ತೀರ್ಪು ಇಷ್ಟು: ಮೂರು ಗಿಡಗಳ ಹಣ್ಣನ್ನು ಈಗಲೇ, ತಮ್ಮ ಕಣ್ಣೆದುರಿಗೇ ಕೊಯ್ದು ಬೇರೆ ಇಡಬೇಕು, ಒಂದು ಕಾಳೂ ಉಳಿದದ್ದರ ಜೊತೆ ಸೇರಬಾರದು. ಮಿಕ್ಕ ತೋಟಕ್ಕೆ ಊರಿನ ಹೆಸರು ಉಂಟು. ತಪ್ಪು ಮಾಡಿದವಳೇ ಕೊಯ್ಯಬೇಕು.

ಕತ್ತರಿ ಹಿಡಿದು ಕೊಯ್ದೆ. ಎಲ್ಲ ಸೇರಿ ಒಂದು ಬುಟ್ಟಿ. ಅಧ್ಯಕ್ಷರು ನೆರಳಿನಲ್ಲಿ ಕುಳಿತು ಕಾವಲು ಕಾಯುತ್ತ, ಕಾಯುತ್ತಲೇ ಒಂದು ಗೊಂಚಲು ಮುಗಿಸಿದರು. ಎದ್ದು ಹೊರಡುವಾಗ, ಆ ಗಿಡಗಳು ಕುಡಿದ ಸೂಪ್ ತಮಗೂ ಬೇಕೆಂದರು. ತೊಳೆದ ನೀರು ಕೊಡುವುದೆಂತು? ಬಿಸಿ ಸಾರನ್ನೇ ಒಂದು ಲೋಟ ಕೊಟ್ಟೆ. ಒಂದೇ ಗುಟುಕಿಗೆ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಹ್ಯಾಟು ಬಿದ್ದುಹೋಯಿತು. ಸುಧಾರಿಸಿಕೊಂಡು ಹೇಳಿದ್ದನ್ನು ಸಿಸ್ಟರ್ ಅನುವಾದಿಸಿದರು:

"ಗಿಡ ಯಾಕೆ ಎದ್ದು ನಿಂತ್ಕೊಳ್ತು ಅಂತ ಈಗ ಗೊತ್ತಾಯ್ತಂತೆ."

ಅಂದು ಸಂಜೆ ಮಾರ್ಸೆಲ್ ಉಳಿದ ತೋಟವನ್ನು ಇನ್ನು ಕಾಯಿಸುವುದಿಲ್ಲವೆಂದರು. ಬೀಜ ಪೂರ್ತಿ ಬಲಿತು ಕಂದು ಬಣ್ಣವಾಗುವವರೆಗೆ ಕೂತರೆ ಇರುವ ಚೂರು ಹುಳಿಯೂ ಹೋಗುತ್ತದೆ. ನನ್ನ ಮೂರು ಗಿಡಗಳು ಅದನ್ನು ಅವರ ನಾಲಿಗೆಗೆ ನೆನಪಿಸಿಬಿಟ್ಟಿದ್ದವು. ಮರುದಿನವೇ ಕೊಯ್ಲು. ಅವರ ನೆನಪಿನಲ್ಲೇ ಅಷ್ಟು ಬೇಗ ಕೊಯ್ದದ್ದಿಲ್ಲವಂತೆ. ನಾನೂ ಬಗ್ಗಿ ಬಗ್ಗಿ ಕೊಯ್ದೆ. ಆದರೆ ಬುಟ್ಟಿ ತುಂಬಿದೊಡನೆ ಸಿಸ್ಟರ್ ಬಂದು ಇಸಿದುಕೊಳ್ಳುತ್ತಿದ್ದರು; ನನ್ನ ಕೈಯಲ್ಲಿ ನೀರಿನ ಪಾತ್ರೆ ಏನಾದರೂ ಇದೆಯೇ ಎಂದೂ ನೋಡುತ್ತಿದ್ದರು.

ಮತ್ತೆ ಜೀವನ್ ಬಿಮಾ ನಗರ

ಮನೆಗೆ ಬಂದವಳೇ ನಮ್ಮ ಬಳ್ಳಿಗೆ ಇನ್ನು ಅಕ್ಕಿ ನೀರು ಬೇಡ, ಬೇರು ತಾನೇ ಹುಡುಕಿಕೊಳ್ಳಲಿ ಎಂದೆ.

"ಎಲ್ಲಿ ಹುಡುಕ್ತದೆ? ಪಕ್ಕದ ಮನೆ ಸಂಪಲ್ಲಾ?" ಎಂದರು ಅತ್ತೆ. "ಬಾಯಿಲ್ಲದ ಗಿಡಕ್ಕೆ ನೀರು ಕೊಡಬಾರ್ದು ಅನ್ನೋದು ಯಾವ ಸೀಮೆ ಓದು ಕಣೇ?"

ನಾನು ಪಟ್ಟು ಬಿಡಲಿಲ್ಲ. ಆದರೂ ದಿನಾ ಬೆಳಿಗ್ಗೆ ಬಳ್ಳಿಯ ಬುಡ ತೇವವಾಗಿರುತ್ತಿತ್ತು. ಅತ್ತೆಯ ಹಳೆಯ ಸೀರೆಯೊಂದು ಅದರ ಪಕ್ಕದ ಕಾಂಪೌಂಡಿನ ಮೇಲೆ ವಾರವಿಡೀ ಒಣಗುತ್ತಿತ್ತು. ಆ ಉಪಾಯವನ್ನು ಅವರಿಗೆ ಕಥೆಯಾಗಿ ಹೇಳಿದವಳು ನಾನೇ.

ಮರುವರ್ಷ ಟೂಲೂಸಿಗೆ ಹೋಗಿದ್ದ ನಮ್ಮವರ ಸಹೋದ್ಯೋಗಿಯೊಬ್ಬರು ಟವೆಲ್ಲಿನಲ್ಲಿ ಸುತ್ತಿದ ಬಾಟಲಿ ತಂದುಕೊಟ್ಟರು. ಜೊತೆಗೆ ಸಿಸ್ಟರ್ ಕಾಗದ. 'ತೋಟದ ವೈನಿಗೆ ಊರ ಹೆಸರು ಬಂತು. ಒಳ್ಳೇದೇ, ಸ್ವಲ್ಪ ಭಾರ. ನಿನ್ನ ಮೂರು ಗಿಡದ್ದನ್ನ ಮಾರ್ಸೆಲ್ ಬೇರೆ ಮಾಡಿದ. ಮೂರು ಬಾಟಲಿ ಆಯ್ತು. ಒಂದು ನಾವು ಕುಡಿದ್ವಿ. ಒಂದನ್ನ ಪರೀಕ್ಷೆ ಮಾಡ್ತೀನಿ ಅಂತ ಅಧ್ಯಕ್ಷ ತಗೊಂಡು ಹೋದ, ವಾಪಸ್ ಕೊಡಲಿಲ್ಲ. ಒಂದು ನಿನ್ನದು. ಊರ ಹೆಸರು ಹಾಕೋ ಹಂಗಿಲ್ಲ ಅಂತ ನಾನೇ ಹೆಸರಿಟ್ಟಿದ್ದೀನಿ.'

ಬಾಟಲಿಗೆ ಅಂಟಿಸಿದ ಬಿಳಿಯ ಕಾಗದದ ಮೇಲೆ, ಹೊಲಿಗೆ ಹಾಕಿದಂತಿರುವ ಅವರ ದುಂಡಗಿನ ಕನ್ನಡದಲ್ಲಿತ್ತು: ಅಕ್ಕಿ ತೊಳೆದ ನೀರು.

ನಮ್ಮವರು ಬಿದ್ದು ಬಿದ್ದು ನಕ್ಕರು. ಅತ್ತೆ ಅಕ್ಷರ ಕೂಡಿಸಿ ಓದಿ, "ಅಷ್ಟು ದೂರದಿಂದ ಇದನ್ನ ಯಾಕೆ ಕಳ್ಸಿದ್ರು, ನಮ್ಮಲ್ಲಿ ಇಲ್ವಾ?" ಎಂದರು. ಎರಡು ಚಮಚದಷ್ಟನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಬಾಗಿಲು ಮುಂದೆ ಮಾಡಿ ಕುಡಿದೆ. ಹುಳಿ ಇತ್ತು. ಹಣ್ಣಿನ ನಡುವಿನಿಂದ ಬರುವ ತಣ್ಣನೆಯ, ಚುರುಕಾದ ಹುಳಿ. ಮುಚ್ಚಿದ ಕಿಟಕಿಗಳ ಆ ಮನೆ, ಬೀಜ ಕಡಿಯುತ್ತ ಆಕಾಶ ನೋಡುತ್ತಿದ್ದ ಮಾರ್ಸೆಲ್, ಎಲ್ಲ ನಾಲಿಗೆಯ ಮೇಲೆ ಬಂದುಹೋದರು.

ಲೋಟ ತೊಳೆದ ನೀರನ್ನು ಏನು ಮಾಡಿದೆನೆಂದು ಬರೆಯುವುದಿಲ್ಲ. ಅಧ್ಯಕ್ಷರಿಗೆ ಕನ್ನಡ ಬರುವುದಿಲ್ಲ, ನಿಜ. ಆದರೆ ಇದನ್ನು ಸಿಸ್ಟರ್ ಓದುತ್ತಾರೆ.